ಸತ್ಯಾಂಶ: ದೇಶದ ಗ್ರಿಡ್‌ಗೆ ಸೇರಿದ್ದರಿಂದ ನಮ್ಮ ಕರೆಂಟು ಹೋಯಿತೇ?

ಬೇಸಿಗೆಯಲ್ಲಿ ಕರೆಂಟು ಕೈಕೊಟ್ಟ ಕೂಡಲೇ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡುತ್ತದೆ: ದಕ್ಷಿಣವನ್ನು ದೇಶದ ಗ್ರಿಡ್‌ಗೆ (ರಾಜ್ಯಗಳನ್ನು ಬೆಸೆಯುವ ವಿದ್ಯುತ್ ಜಾಲಕ್ಕೆ) ಜೋಡಿಸಿದ್ದರಿಂದ ನಮ್ಮ ವಿದ್ಯುತ್ತೆಲ್ಲ ಉತ್ತರಕ್ಕೆ ಹೋಯಿತು, ಲೋಡ್‌ಶೆಡ್ಡಿಂಗ್‌ಗೆ ಅದೇ ಕಾರಣ. ಸೆಕೆಯಲ್ಲಿ ಫ್ಯಾನ್ ನಿಂತವರಿಗೆ ಇದು ನಿಜವೆನ್ನಿಸುವುದು ಸಹಜ. ಆದರೆ ನಿಜವಲ್ಲ.

ಜೋಡಣೆ ಆದದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗದ ಮೂಲಕ. ಆಗ ಕೊರತೆ ಇದ್ದದ್ದು ದಕ್ಷಿಣದಲ್ಲೇ. ಹೊರಗೆ ಅಗ್ಗದ ಕರೆಂಟು ಇದ್ದರೂ ತರಲು ಮಾರ್ಗ ಸಾಲದೆ ಇಲ್ಲಿನ ರಾಜ್ಯಗಳು ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆ ತೆರುತ್ತಿದ್ದವು. ಅದಕ್ಕೂ ಮೊದಲೇ ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಡಿ.ಸಿ. (ನೇರ ವಿದ್ಯುತ್) ಮಾರ್ಗ ಹಾಕಿದ್ದೂ ವಿದ್ಯುತ್ತನ್ನು ಇತ್ತ ತರುವುದಕ್ಕೇ. ಇನ್ನು, ತಂತಿ ಇದೆಯೆಂದು ಯಾರೂ ಬೇಕಾದಷ್ಟು ಎಳೆದುಕೊಳ್ಳುವಂತಿಲ್ಲ. ದಿನವನ್ನು 15 ನಿಮಿಷದ 96 ಭಾಗ ಮಾಡಿ, ಯಾವ ರಾಜ್ಯಕ್ಕೆ ಎಷ್ಟೆಂದು ಮೊದಲೇ ನಿಗದಿ ಮಾಡಿರುತ್ತಾರೆ; ತಪ್ಪಿದರೆ ಶುಲ್ಕ.

ಸಂದೇಶದಲ್ಲಿ ಅರ್ಧ ಸತ್ಯವೂ ಇದೆ. ಮಳೆಗಾಲದಲ್ಲಿ ಗಾಳಿ ವಿದ್ಯುತ್ ಹೆಚ್ಚಾದಾಗ ಕರ್ನಾಟಕ ಹೊರಗೆ ಕೊಡುವುದುಂಟು. ಅದು ಮಾರಾಟ, ಇಲ್ಲವೇ ಬೇಸಿಗೆಯಲ್ಲಿ ಸಾಲವಾಗಿ ತಂದ ವಿದ್ಯುತ್ತಿನ ವಾಪಸಾತಿ. 2012ರ ಜುಲೈನಲ್ಲಿ ಉತ್ತರದ ಗ್ರಿಡ್ ಕುಸಿದಾಗ ದಕ್ಷಿಣ ಉಳಿದದ್ದು ಬೇರೆಯಾಗಿದ್ದರಿಂದಲೇ ಎನ್ನುವ ವಾದವೂ ಸರಿ. ಜೋಡಣೆಯ ಬಗ್ಗೆ ಚರ್ಚೆ ಮಾಡುವುದಾದರೆ ಈ ಅಪಾಯದ ಚರ್ಚೆ ಮಾಡೋಣ.

ನೀವೇ ನೋಡಬೇಕೆಂದರೆ, ಇಲ್ಲಿನ ರಾಜ್ಯಗಳ ವಿದ್ಯುತ್ ಹರಿವನ್ನು ನೋಡಿಕೊಳ್ಳುವ ದಕ್ಷಿಣ ವಲಯದ ಲೋಡ್ ಡಿಸ್ಪ್ಯಾಚ್ ಕೇಂದ್ರದ ದಿನವಹಿ ವರದಿ ಜಾಲತಾಣದಲ್ಲೇ ಸಿಗುತ್ತದೆ. ಕರ್ನಾಟಕದ ಸಾಲಿನಲ್ಲಿ ಸ್ವಂತ ಉತ್ಪಾದನೆ, ಹೊರಗಿನಿಂದ ಪಡೆದದ್ದು, ಕೊರತೆ ಎಲ್ಲ ಇರುತ್ತದೆ. ಸಂದೇಶ ಹೇಳುವ ದಿನದ್ದನ್ನೇ ತೆಗೆಯಿರಿ. ದಿನಾಂಕವೇ ಇಲ್ಲದಿದ್ದರೆ ಅಲ್ಲೇ ಅನುಮಾನಿಸಬಹುದು. ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿದ್ದು ಮಾತ್ರ ಅದರಲ್ಲಿ ಕಾಣದು, ಅದಕ್ಕೆ ವಿದ್ಯುತ್ ದೂರಿನ ಸಹಾಯವಾಣಿ 1912ಕ್ಕೇ ಫೋನ್ ಮಾಡಬೇಕು.