ಮನೆಹೆಸರು ಮುಂದೋ ಹಿಂದೋ

ಕಳೆದ ತಿಂಗಳು ಅಮ್ಮನನ್ನು ಇಲ್ಲಿನ ಸರಕಾರಿ ಕಚೇರಿಯೊಂದಕ್ಕೆ ಕರೆದುಕೊಂಡು ಹೋಗಿದ್ದೆ. ಕೈಯಲ್ಲಿ ವರಮಾನವಿಲ್ಲದವರಿಗೆ ಅಮೆರಿಕ ಸರಕಾರ ಕೊಡುವ ಆರೋಗ್ಯ ವಿಮೆ ಅವಳಿಗೂ ಸಿಗಬಹುದೇ ಎಂದು ಕೇಳುವ ಆಸೆ. ಮೇಜಿನಾಚೆಯ ಹುಡುಗಿ ಗ್ರೀನ್ ಕಾರ್ಡಿನ ಸಂಖ್ಯೆ, ಹೆಸರು, ಹುಟ್ಟಿದ ದಿನ ಒತ್ತಿದಳು. 1986ರ ಕಾನೂನಿನಿಂದ ಹುಟ್ಟಿದ ‘ಸೇವ್’ ಎಂಬ ವ್ಯವಸ್ಥೆ ಅದು. ವಲಸೆ ಇಲಾಖೆಯ ದಾಖಲೆ ಜಾಲಾಡಿ ಸಾಮಾನ್ಯವಾಗಿ ಕೆಲವೇ ಸೆಕೆಂಡಿನಲ್ಲಿ ಉತ್ತರ ಕೊಡುತ್ತದೆ. ಅಮ್ಮನಿಗೆ ಕೊಡಲಿಲ್ಲ. ಹೆಚ್ಚಿನ ಪರಿಶೀಲನೆ ಆಗಬೇಕಂತೆ.

ಮನೆಹೆಸರು ಕೈಕೊಟ್ಟಿತ್ತು. ಪಾಸ್‌ಪೋರ್ಟಿನಲ್ಲಿ ಅದು ಹಿಂದೆ ಹೋಗಿ ಕುಳಿತಿದೆ. ಅರ್ಜಿಯಲ್ಲಿ ನಾನು ಕೊಡಗಿನ ರೂಢಿಯಂತೆ ಮುಂದೆ ಬರೆದಿದ್ದೆ. ಕಾರು ಹತ್ತುವಾಗ ಅಮ್ಮ ಅಂದಳು: “ಯಾವ ಮನೆಯವರು ಎಂದು ಅವಳು ಕೇಳಲೇ ಇಲ್ಲವಲ್ಲ?”

ವಿರಾಜಪೇಟೆಯಲ್ಲಿ ಬೇರೆ ಪ್ರಶ್ನೆಯೇ ಇಲ್ಲ. ಕರಿಮೆಣಸು ಬಿಡಿಸಿ ಸವೆದ ಅಮ್ಮನ ಹೆಬ್ಬೆಟ್ಟನ್ನು ಸೊಸೈಟಿಯ ಯಂತ್ರ ಎಷ್ಟೋ ಸಲ ಒಪ್ಪಿದ್ದಿಲ್ಲ. ಅಂಗಡಿಯವನು ಒದ್ದೆ ಬಟ್ಟೆ ಕೊಟ್ಟು, “ಒರೆಸಿ ಇನ್ನೊಮ್ಮೆ ಇಡಿ ಅಕ್ಕ” ಎನ್ನುತ್ತಿದ್ದ. ಆಗಲೂ ಆಗದಿದ್ದರೆ, “ಸಂಜೆ ಬನ್ನಿ, ಅಕ್ಕಿ ಎತ್ತಿಟ್ಟಿರುತ್ತೇನೆ.” ಈ ಮಾತಿಗಾಗಿ ನಾನು ಇಲ್ಲಿ ಎಷ್ಟು ತೆರಿಗೆ ಬೇಕಾದರೂ ಕಟ್ಟಿಯೇನು.

ಎರಡು ವಾರಕ್ಕೆ ಉತ್ತರ ಬಂತು. ಗುರುತು ಸರಿಯಿದೆ, ವಿಮೆ ಇಲ್ಲ. 1996ರ ಕಾನೂನಿನಂತೆ ಗ್ರೀನ್ ಕಾರ್ಡ್ ಬಂದು ಐದು ವರ್ಷ ಕಾಯಬೇಕು. ಕೆಲವು ರಾಜ್ಯಗಳು ತಮ್ಮ ದುಡ್ಡಿನಿಂದ ಮೊದಲೇ ಕೊಡುತ್ತವೆ, ನಮ್ಮದು ಕೊಡುವುದಿಲ್ಲ. ಹೋಗಲಿ, ಸಾಕುತ್ತೇನೆಂದು ಸಹಿ ಹಾಕಿ ಕರೆಸಿಕೊಂಡವನು ನಾನೇ ತಾನೆ. ಆದರೂ ಆ ಕಾಗದದಲ್ಲಿ ‘ಅಕ್ಕ’ ಎಂಬ ಒಂದು ಮಾತಿರಬಾರದಿತ್ತೇ?

ಇಷ್ಟು ಬರೆದು ನಿಲ್ಲಿಸಬೇಕೆಂದಿದ್ದೆ. ಆದರೆ ಹಿಂದಿನ ರಜೆಯ ಒಂದು ಬೆಳಗ್ಗೆ ಬಿಡುತ್ತಿಲ್ಲ. ಅದೇ ಸೊಸೈಟಿ, ಅದೇ ಸಾಲು. ನಮ್ಮ ಮುಂದೆ ಪಕ್ಕದ ತೋಟದ ಲೈನ್‌ಮನೆಯ ಅಸ್ಸಾಮಿನ ದಂಪತಿ. ಒಂದು ದೇಶ ಒಂದು ಪಡಿತರ ಚೀಟಿ ಎಂಬ ಏರ್ಪಾಟಿನಲ್ಲಿ ಅವರ ಊರಿನ ಕಾರ್ಡಿಗೂ ಕೊಡಗಿನಲ್ಲಿ ಅಕ್ಕಿ ಸಿಗಬೇಕು. ಆಕೆ ಪ್ಲಾಸ್ಟಿಕ್ ಚೀಲ ಬಿಚ್ಚಿ, ಅದರೊಳಗಿನ ಇನ್ನೊಂದು ಚೀಲ ಬಿಚ್ಚಿ, ಆಧಾರ್, ಮತದಾರರ ಚೀಟಿ ಎಲ್ಲವನ್ನೂ ಮೇಜಿನ ಮೇಲೆ ಹರಡಿದಳು. ಅಂಗಡಿಯವನು ಒಂದೊಂದನ್ನೂ ತಿರುಗಿಸಿ ನೋಡಿ, “ಬಾಂಗ್ಲಾದವರಲ್ಲ ಎಂದು ಏನು ಗ್ಯಾರಂಟಿ? ಆಧಾರ್ ಯಾರ ಹತ್ತಿರ ಇಲ್ಲ?” ಎಂದು ನಮ್ಮತ್ತ ನಕ್ಕ. ಆಧಾರ್ ಪೌರತ್ವಕ್ಕೆ ಪುರಾವೆಯಲ್ಲ, ನಿಜ. ಅಕ್ಕಿಗೆ ಅವನು ಪೌರತ್ವದ ಪುರಾವೆ ಕೇಳುವಂತೆಯೂ ಇರಲಿಲ್ಲ. ಅಮ್ಮ ಸುಮ್ಮನಿದ್ದಳು, ನಾನೂ ಸುಮ್ಮನಿದ್ದೆ.

ಆಕೆಯ ಹೆಬ್ಬೆಟ್ಟನ್ನು ಯಂತ್ರ ಮೊದಲ ಸಲಕ್ಕೇ ಒಪ್ಪಿಕೊಂಡಿತ್ತು.