ಚಿಲಿಕಾ ಡಾಲ್ಫಿನ್ ನೋಡಲು ಬಾಲುಗಾಂವ್‌ಗೆ ಹೋಗಬೇಡಿ: ಒಂದು ಸ್ಪಷ್ಟನೆ

‘ಭುವನೇಶ್ವರದಿಂದ ಬೆಳಗ್ಗೆ ರೈಲು ಹತ್ತಿ ಬಾಲುಗಾಂವ್‌ನಲ್ಲಿ ಇಳಿಯಿರಿ, ಅಲ್ಲೇ ದೋಣಿಯಲ್ಲಿ ಚಿಲಿಕಾ ಸರೋವರದ ಡಾಲ್ಫಿನ್ ನೋಡಿ ಸಂಜೆಗೆ ವಾಪಸ್ ಬನ್ನಿ.’ ಹೋದ ವಾರ ನಮ್ಮ ಪ್ರವಾಸದ ಗುಂಪಿನಲ್ಲಿ ಹೀಗೆ ಬರೆದವನು ನಾನೇ. ಅದು ತಪ್ಪು. ಈಗ ಬೇರೆ ಗುಂಪುಗಳಲ್ಲೂ ಓಡಾಡುತ್ತಿದೆ.

ಬಾಲುಗಾಂವ್‌ಗೆ ರೈಲು ಇರುವುದು ನಿಜ. ಆದರೆ ಅದು ಸರೋವರದ ಪಶ್ಚಿಮ ದಡ. ಅಲ್ಲಿಂದ, ಪಕ್ಕದ ಬರಕುಲ್‌ನಿಂದ, ಕಾಳಿಜಾಯಿ ದೇವಿಯ ದ್ವೀಪಕ್ಕೆ ಹೋಗಬಹುದು. ಚಳಿಗಾಲದಲ್ಲಿ ಸರೋವರದೊಳಗಿನ ನಲಬಣ ದ್ವೀಪದ ಕಡೆ ವಲಸೆ ಹಕ್ಕಿಗಳೂ ಜಾಸ್ತಿ. ಆದರೆ ಇರಾವಡಿ ಜಾತಿಗೆ ಸೇರಿದ ಚಿಲಿಕಾದ ಡಾಲ್ಫಿನ್‌ಗಳು ಹೆಚ್ಚಾಗಿ ಕಾಣುವುದು ಸಾತಪಡಾ ಹತ್ತಿರ, ಸರೋವರ ಸಮುದ್ರ ಸೇರುವ ಕಡೆ. ನಕ್ಷೆ ತೆರೆದರೆ ಎರಡೂ ಊರು ಎದುರುಬದುರು ದಡದಲ್ಲಿರುವುದು ಕಾಣುತ್ತದೆ. ನಡುವೆ ಇಡೀ ಚಿಲಿಕಾ ಇದೆ.

ಸಾತಪಡಾಕ್ಕೆ ರೈಲಿಲ್ಲ. ಪುರಿವರೆಗೆ ರೈಲು ಅಥವಾ ಬಸ್, ಅಲ್ಲಿಂದ ರಸ್ತೆಯಲ್ಲಿ ಸುಮಾರು 50 ಕಿ.ಮೀ. ಒಂದೇ ದಿನದಲ್ಲಿ ಹೋಗಿಬರುವುದಾದರೆ ಭುವನೇಶ್ವರದಿಂದಲೇ ಕಾರು ಮಾಡಿಕೊಳ್ಳುವುದು ವಾಸಿ ಅಂತ ನನ್ನ ಅನಿಸಿಕೆ, ಮಕ್ಕಳಿದ್ದರಂತೂ ಖಂಡಿತ. ಬೇಗ ಹೊರಡಿ.

ಹಳೆಯ ಸಂದೇಶವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ, ಅವರಿಗೆ ಇದನ್ನೂ ಕಳಿಸಿ. ಯಾರಾದರೂ ಟಿಕೆಟ್ ಮಾಡಿಸಿಬಿಟ್ಟಿದ್ದರೆ ಕ್ಷಮಿಸಿ.