ಪಿಸೇ ಅಂದರೆ ಯಾವಾಗಲೂ ಪಿಸೇ ಅಲ್ಲ

ಫ್ರೆಂಚ್ ಉತ್ಖನನ ವರದಿಗಳನ್ನು ಇಂಗ್ಲಿಷಿಗೆ ತರುವುದು ನನ್ನ ಹೊಟ್ಟೆಪಾಡು. ಮಡಕೆ ಚೂರು, ನಾಣ್ಯ, ಎಲುಬು ಇವೆಲ್ಲ ಅಷ್ಟಾಗಿ ಕಾಡುವುದಿಲ್ಲ. ತಲೆ ತಿನ್ನುವುದು ಮಣ್ಣಿನ ಗೋಡೆ. "ಒಂದು ಪದಗಳ ಪಟ್ಟಿ ಮಾಡಿಟ್ಟುಕೊಂಡರೆ ಆಯ್ತಲ್ವಾ?" ಅಂತ ಕೇಳುವವರಿದ್ದಾರೆ. ಎಡಕ್ಕೊಂದು ಫ್ರೆಂಚ್ ಪದ, ಬಲಕ್ಕೊಂದು ಇಂಗ್ಲಿಷ್ ಪದ ಇಡುವ ಆ ಪಟ್ಟಿಗಳೇ ಅರ್ಧ ಗೊಂದಲಕ್ಕೆ ಕಾರಣ ಅನ್ನುವುದು ನನ್ನ ಅಭಿಪ್ರಾಯ.

ಪಿಸೇ ಅನ್ನುವ ಫ್ರೆಂಚ್ ಪದವನ್ನೇ ತಗೊಳ್ಳಿ. ಮಣ್ಣನ್ನು ಕುಟ್ಟಿ ಕಟ್ಟುವ ಗೋಡೆ ಅದು. ಫ್ರಾನ್ಸಿನ ಲಿಯೋನ್ ಸುತ್ತಮುತ್ತಲ ಹಳ್ಳಿಗಳಲ್ಲಿ ಇಂಥ ಮನೆಗಳು ಈಗಲೂ ಗಟ್ಟಿಯಾಗಿ ನಿಂತಿವೆ. ಎರಡು ಕಡೆ ಹಲಗೆ ನಿಲ್ಲಿಸಿ, ನಡುವೆ ಸ್ವಲ್ಪ ಸ್ವಲ್ಪವೇ ಮಣ್ಣು ಸುರಿದು, ಮೇಲಿಂದ ಕುಟ್ಟಿ ಕುಟ್ಟಿ ಬಿಗಿ ಮಾಡುತ್ತಾರೆ. ಮಣ್ಣು ಜಾಸ್ತಿ ಒದ್ದೆ ಇರಬಾರದು. ಮುಷ್ಟಿಯಲ್ಲಿ ಹಿಚುಕಿದರೆ ಉಂಡೆ ಕಟ್ಟಬೇಕು, ಕೈಗೆ ಮೆತ್ತಿಕೊಳ್ಳಬಾರದು. ಒಂದು ಕಂತು ಮುಗಿದ ಮೇಲೆ ಹಲಗೆ ಬಿಚ್ಚಿ ಪಕ್ಕಕ್ಕೆ ಸರಿಸುತ್ತಾರೆ. ಲಿಯೋನಿನ ಫ್ರಾಂಸ್ವಾ ಕ್ವಾಂತ್ರೋ ಎಂಬಾತ 1790ರ ಹೊತ್ತಿಗೆ ಇದನ್ನೇ ಹಿಡಿದುಕೊಂಡು ಪುಸ್ತಿಕೆ ಮೇಲೆ ಪುಸ್ತಿಕೆ ಬರೆದ. 1797ರಲ್ಲಿ ವಾಸ್ತುಶಿಲ್ಪಿ ಹೆನ್ರಿ ಹಾಲೆಂಡ್ ಅದನ್ನು ಇಂಗ್ಲಿಷ್ ಓದುಗರಿಗೆ ಕೊಟ್ಟ. ವಿಧಾನದ ಜೊತೆ ಹೆಸರೂ ಇಂಗ್ಲೆಂಡಿಗೆ ಹೋಯಿತು.

ಅಲ್ಲಿಂದ ಅದು ದಾರಿ ತಪ್ಪಿತು. ಪಶ್ಚಿಮ ಏಷ್ಯಾದಲ್ಲಿ ಅಗೆಯುತ್ತಿದ್ದವರು ಇಂಗ್ಲಿಷಿನಲ್ಲಿ ಬರೆಯುವಾಗ, ಇಟ್ಟಿಗೆ ಕಾಣದ ಮಣ್ಣಿನ ಗೋಡೆಗೆಲ್ಲ ಪಿಸೇ ಅನ್ನತೊಡಗಿದರು. ಎಷ್ಟೋ ಕಡೆ ಅಲ್ಲಿದ್ದದ್ದು ಹಲಗೆಯ ಹಂಗಿಲ್ಲದೆ, ಕಲಸಿದ ಕೆಸರನ್ನು ವರಸೆ ವರಸೆಯಾಗಿ ಏರಿಸಿದ ಗೋಡೆ. ಇರಾಕಿನಲ್ಲಿ ಅದಕ್ಕೆ ತೌಫ್ ಅಂತಾರೆ, ಇರಾನಿನಲ್ಲಿ ಚಿನೆ. ಒಣ ಮಣ್ಣಿನ ಕೆಲಸದ ಹೆಸರು ಹಸಿ ಮಣ್ಣಿನ ಕೆಲಸಕ್ಕೆ ಅಂಟಿಕೊಂಡಿತು. ಹಾಗಾಗಿ ಪಿಸೇಯನ್ನು ಇಂಗ್ಲಿಷಿನಲ್ಲೂ ಪಿಸೇ ಅಂತಲೇ ಬಿಟ್ಟರೆ ಓದುವವರಿಗೆ ಪೂರ್ತಿ ಉಲ್ಟಾ ಚಿತ್ರ ಸಿಗಬಹುದು. ನಾನು ರ್‍ಯಾಮ್ಡ್ ಅರ್ತ್, ಅಂದರೆ ಕುಟ್ಟಿದ ಮಣ್ಣು, ಅಂತ ಬರೆಯುತ್ತೇನೆ.

ಅದೂ ಕಣ್ಣುಮುಚ್ಚಿ ಅಲ್ಲ. ಯಾಕೆಂದರೆ ಹಳೆಯ ಫ್ರೆಂಚ್ ವರದಿಗಳು ಕೂಡ ಈ ಪದವನ್ನು ಬೇಕಾಬಿಟ್ಟಿ ಬಳಸಿವೆ. ಹಲಗೆಯ ಅಚ್ಚು ಸಿಕ್ಕಿತ್ತಾ? ಹಲಗೆ ಹಿಡಿದಿಡಲು ಅಡ್ಡಮರ ತೂರಿಸಿದ ತೂತುಗಳಿದ್ದವಾ? ಕುಟ್ಟಿದ ಪದರಗಳು ಕಂಡವಾ? ಇದರ ಸುಳಿವೇ ಇಲ್ಲದ ಪುಟದಲ್ಲಿ ಪಿಸೇ ಅಂತಿದ್ದರೆ ನನಗೆ ಅನುಮಾನ ಶುರುವಾಗುತ್ತದೆ. ಈ ಗೋಜಲನ್ನು ಬಿಡಿಸಲೆಂದೇ ಫ್ರಾನ್ಸಿನಲ್ಲಿ ಪುರಾತತ್ವದವರೂ ಮಣ್ಣಿನ ಕಟ್ಟಡ ಬಲ್ಲವರೂ 2001ರಲ್ಲಿ ಮೊಂಪೆಲಿಯೆಯಲ್ಲಿ ಒಟ್ಟಿಗೆ ಕೂತರು. ಆಮೇಲೆ ಬಂದ ವರದಿಗಳಲ್ಲಿ ಕೆಲಸ ಎಷ್ಟೋ ಹಗುರ.

ಬೋಜ್ ಅನ್ನುವ ಪದ ಮಾತ್ರ ನೆಮ್ಮದಿ ಕೊಡುತ್ತದೆ. ನಾರ್ಮಂಡಿ, ಬ್ರಿಟನಿ ಕಡೆಯ ಗೋಡೆ ಅದು. ಮಣ್ಣಿಗೆ ಹುಲ್ಲು ಸೇರಿಸಿ ತುಳಿದು, ಕವೆಗೋಲಿನಿಂದ ಎತ್ತಿ ಹೇರಿ, ಸ್ವಲ್ಪ ಒಣಗಿದ ಮೇಲೆ ಹೊರಚಾಚಿದ್ದನ್ನು ಚೂಪು ಸಲಿಕೆಯಿಂದ ಸವರುತ್ತಾರೆ. ಕಡಲಾಚೆ ಇಂಗ್ಲೆಂಡಿನ ಡೆವನ್‌ನಲ್ಲಿ ಹೆಚ್ಚುಕಡಿಮೆ ಇದೇ ಕೆಲಸಕ್ಕೆ ಕಾಬ್ ಅಂತ ಹೆಸರಿದೆ. (ಫ್ರೆಂಚಿನಲ್ಲಿ ಕಾಡುಹಂದಿ ಮಲಗುವ ಕೆಸರು ಜಾಗಕ್ಕೂ ಬೋಜ್ ಅಂತಲೇ ಕರೆಯುತ್ತಾರೆ. ಮಿಷಿನ್ ಅನುವಾದಕ್ಕೆ ಕೊಟ್ಟು ನೋಡುವವರು ಹುಷಾರು.)

ತೋರ್ಶಿ ಇನ್ನೊಂದು ತಕರಾರು. ಪಟ್ಟಿಗಳಲ್ಲಿ ಇದರ ಎದುರು ವಾಟಲ್ ಆ್ಯಂಡ್ ಡಾಬ್ ಅಂತಿರುತ್ತದೆ. ನಮ್ಮಲ್ಲಿ ತಟ್ಟಿಗೆ ಮಣ್ಣು ಮೆತ್ತುತ್ತಾರಲ್ಲ, ಅಂಥದ್ದು. ಆದರೆ ಫ್ರೆಂಚಿನವರು ಮೆತ್ತುವ ಆ ಹುಲ್ಲುಮಣ್ಣಿಗಷ್ಟೇ ತೋರ್ಶಿ ಅನ್ನುವುದೂ ಉಂಟು. ಬೆಂಕಿಗೆ ಸಿಕ್ಕಿ ಗಟ್ಟಿಯಾದ ಒಂದು ಹೆಂಟೆ ಸಿಕ್ಕಿದೆ ಅನ್ನಿ. ಹಿಂಭಾಗದಲ್ಲಿ ಕಡ್ಡಿಗಳ ಗುಂಡನೆಯ ಅಚ್ಚು ಮೂಡಿದ್ದರೆ ಸರಿ, ತಟ್ಟಿ ಇತ್ತು ಅನ್ನಬಹುದು. ಬರೀ ಹುಲ್ಲಿನ ಗುರುತಿದ್ದರೆ? ಆಗ ವಾಟಲ್ ಅಂತ ಬರೆದರೆ ಇಲ್ಲದ ತಟ್ಟಿಯನ್ನು ನಾನೇ ಹೆಣೆದು ನಿಲ್ಲಿಸಿದ ಹಾಗೆ.

ಇಟ್ಟಿಗೆಯಲ್ಲೂ ಬಲೆ ಇದೆ. ಕೈಯಲ್ಲೇ ತಟ್ಟಿ ರೂಪ ಕೊಟ್ಟ ಇಟ್ಟಿಗೆ 'ಮೊದ್ಲೇ', ಚೌಕಟ್ಟಿನಲ್ಲಿ ಹಾಕಿ ತೆಗೆದದ್ದು 'ಮೂಲೇ'. ಎರಡೂ ಕನ್ನಡ ಪದಗಳ ಥರವೇ ಕೇಳುತ್ತವೆ, ನಗು ಬರುತ್ತದೆ. ಅವಸರದಲ್ಲಿ ಎರಡಕ್ಕೂ ಮೋಲ್ಡೆಡ್ (ಅಚ್ಚಿನಲ್ಲಿ ಹಾಕಿ ತೆಗೆದದ್ದು) ಅಂತ ಹಾಕಿಬಿಟ್ಟರೆ ದೊಡ್ಡ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಪ್ಯಾಲೆಸ್ಟೈನಿನ ಜೆರಿಕೋದಲ್ಲಿ 1950ರ ದಶಕದಲ್ಲಿ ಬ್ರಿಟಿಷ್ ಪುರಾತತ್ವಜ್ಞೆ ಕ್ಯಾಥ್ಲೀನ್ ಕೆನ್ಯನ್ ಅಗೆದಾಗ ಸಿಕ್ಕ ಉದ್ದನೆಯ ಇಟ್ಟಿಗೆಗಳ ಬೆನ್ನ ಮೇಲೆ ಸಾಲಾಗಿ ಹೆಬ್ಬೆರಳು ಒತ್ತಿದ ಗುರುತುಗಳಿವೆ. ಮೇಲಿನ ಕೆಸರು ಹಿಡಿದುಕೊಳ್ಳಲಿ ಅಂತ ಹಾಗೆ ಒತ್ತಿದ್ದಾರೆ. ಅಂಥ ಇಟ್ಟಿಗೆ ಅಚ್ಚಿನಿಂದ ಬಂತು ಅಂತ ಓದುಗರು ತಿಳಿದುಕೊಂಡರೆ ಕಥೆಯೇ ಬೇರೆಯಾಗುತ್ತದೆ.

ಇಷ್ಟಾದರೂ ನನ್ನ ಜಗಳ ಜಾಸ್ತಿ ನಡೆಯುವುದು ತೀರಾ ಸಾದಾ ಮಾತಿನ ಬಗ್ಗೆ. ಫ್ರೆಂಚಿನಲ್ಲಿ 'ಮಣ್ಣಿನ ಗೋಡೆ' ಅಂತಷ್ಟೇ ಇರುತ್ತದೆ. ಇಂಗ್ಲಿಷ್ ಸಂಪಾದಕರು "ಯಾವ ಬಗೆಯದು ಅಂತ ಸ್ಪಷ್ಟ ಮಾಡಿ" ಅಂತ ಅಂಚಿನಲ್ಲಿ ಗೀಚುತ್ತಾರೆ. ಸ್ಪಷ್ಟ ಮಾಡೋಕೆ ನಾನ್ಯಾರು? ಸೂರು ಹೋದ ಮಣ್ಣಿನ ಗೋಡೆ ಮಳೆಗೆ ಕರಗಿ ಮತ್ತೆ ಮಣ್ಣೇ ಆಗಿರುತ್ತದೆ. ಅಗೆಯುವವರ ಕಣ್ಣಿಗೆ ಬೀಳುವುದು ಬುಡದ ಕಲ್ಲಿನ ಸಾಲು, ಅದರ ಮೇಲೆ ಬಣ್ಣ ಸ್ವಲ್ಪ ಬೇರೆಯಾದ ಒಂದು ಪಟ್ಟೆ. ಕುಟ್ಟಿದ್ದೋ ತುಳಿದದ್ದೋ ಅಂತ ತಿಳಿಯಲು ಆ ಮಣ್ಣಿನ ತುಂಡಿಗೆ ರಾಳ ಕುಡಿಸಿ, ಗಟ್ಟಿ ಮಾಡಿ, ಬೆಳಕು ಹಾಯುವಷ್ಟು ತೆಳ್ಳಗೆ ಕತ್ತರಿಸಿ, ಸೂಕ್ಷ್ಮದರ್ಶಕದಡಿ ಇಡಬೇಕು. ಕೊಳೆತುಹೋದ ಹುಲ್ಲಿನ ಜಾಗದಲ್ಲಿ ಉಳಿದ ಸಂದುಗಳು, ಒತ್ತಿಹೋದ ಪದರಗಳು ಅಲ್ಲಿ ಕಾಣುತ್ತವೆ, ಅದೂ ಅದೃಷ್ಟವಿದ್ದರೆ. ಆ ಪರೀಕ್ಷೆ ಆಗಿಲ್ಲ ಅನ್ನುವ ಕಾರಣಕ್ಕೇ ಲೇಖಕರು 'ಮಣ್ಣಿನ ಗೋಡೆ' ಅಂತ ನಿಲ್ಲಿಸಿರುತ್ತಾರೆ. ಅವರ ಅನುಮಾನವೂ ವರದಿಯ ಭಾಗವೇ. ನಾನು ಸುಮ್ನೆ ಕಾಬ್ ಅಂತ ಸೇರಿಸಿದರೆ ಮುಂದೆ ಯಾರೋ ಅದನ್ನೇ ಹಿಡಿದು, ಆ ಊರಲ್ಲಿ ಕಾಬ್ ಗೋಡೆ ಇತ್ತು ಅಂತ ನಕ್ಷೆಯಲ್ಲಿ ಚುಕ್ಕಿ ಇಡುತ್ತಾರೆ.

ಅದಕ್ಕೇ ನಾನೀಗ ಲೇಖಕರಿಗೆ ನೇರವಾಗಿ ಬರೆದು ಕೇಳುತ್ತೇನೆ: ಮಣ್ಣು ಹಸಿಯಾಗಿತ್ತಾ, ಒಣಗಿತ್ತಾ? ಹಲಗೆ ಇತ್ತಾ? ಒಳಗೆ ಮರ ಇತ್ತಾ? ಉತ್ತರ ಬಂದರೆ ಆ ವಿಧಾನವನ್ನೇ ಮೊದಲ ಸಲ ಒಂದು ವಾಕ್ಯದಲ್ಲಿ ಬಿಡಿಸಿ ಬರೆದು, ಪಕ್ಕದಲ್ಲಿ ಫ್ರೆಂಚ್ ಪದ ಇಡುತ್ತೇನೆ. ಬಾರದಿದ್ದರೆ 'ಮಣ್ಣಿನ ಗೋಡೆ'ಯೇ ಉಳಿಯುತ್ತದೆ. ಪುಟ ಜಾಸ್ತಿ ಆಗುತ್ತೆ ಅಂತ ಸಂಪಾದಕರು ಗೊಣಗುತ್ತಾರೆ. ಗೊಣಗಲಿ.